ಕಾಲಿಗೆ ಕಟ್ಟುವ ಉಕ್ಕಿನ ಮುಳ್ಳು

ಕರ್ನಾಟಕದಲ್ಲಿ ಕಿರಿಯ ಪವರ್‌ಮ್ಯಾನ್ ಕೆಲಸಕ್ಕೆ ಸೇರಬಯಸುವ ಹುಡುಗರು ಅಂಕಪಟ್ಟಿಯೊಂದನ್ನೇ ಹಿಡಿದುಕೊಂಡು ಹೋದರೆ ಸಾಲದು. ಸಹನಶಕ್ತಿ ಪರೀಕ್ಷೆಯ ಮೈದಾನದಲ್ಲಿ ನೆಟ್ಟ 8 ಮೀಟರ್ ಎತ್ತರದ ವಿದ್ಯುತ್ ಕಂಬವನ್ನು ಹತ್ತಿ ತೋರಿಸಬೇಕು. ಓಟ, ಗುಂಡು ಎಸೆತಗಳ ಮಾತು ಬೇರೆ. ಕಂಬ ಹತ್ತುವುದು ಮಾತ್ರ ಕಡ್ಡಾಯ. ಅಲ್ಲಿ ಅಭ್ಯರ್ಥಿಗೆ ಇರುವ ಬಂಡವಾಳ ಅವನ ಕೈ, ಪಾದ ಮತ್ತು ತೊಡೆಗಳ ಹಿಡಿತ. ಕಂಬವನ್ನು ಎಷ್ಟು ಗಟ್ಟಿಯಾಗಿ ಅಪ್ಪಿಕೊಳ್ಳುತ್ತಾನೋ ಅಷ್ಟು ಕ್ಷೇಮ.

ಇದೇ ಕೆಲಸವನ್ನು ಅಮೆರಿಕದಲ್ಲಿ ಕಲಿಯಲು ಸೇರುವವನಿಗೆ ಗುರುಗಳು ಹೇಳಿಕೊಡುವ ಮೊದಲ ಪಾಠ ಇದಕ್ಕೆ ತದ್ವಿರುದ್ಧ. ಕಂಬವನ್ನು ಅಪ್ಪಿಕೊಳ್ಳಬೇಡ, ಅಪ್ಪಿಕೊಂಡರೆ ಬೀಳುತ್ತೀ! ಏಕೆಂದರೆ ಅವನ ಎರಡೂ ಕಾಲುಗಳಿಗೆ ಒಂದೊಂದು ಉಕ್ಕಿನ ಮುಳ್ಳು ಕಟ್ಟಿರುತ್ತದೆ. ಆ ಮುಳ್ಳು ಮರದಲ್ಲಿ ನಾಟಿ ನಿಲ್ಲಬೇಕಾದರೆ ದೇಹ ಕಂಬದಿಂದ ದೂರ ಇರಬೇಕು. ನೆಲದಿಂದ ಇಪ್ಪತ್ತು ಅಡಿ ಮೇಲೆ ಹೋದ ಮನುಷ್ಯನಿಗೆ ಕೈಗೆ ಸಿಕ್ಕಿದ್ದನ್ನು ತಬ್ಬಿಕೊಳ್ಳಬೇಕು ಎನ್ನಿಸುವುದು ಸಹಜ. ಈ ಉಪಕರಣ ಅದನ್ನೇ ಬೇಡ ಎನ್ನುತ್ತದೆ. ಒಂದೂವರೆ ಇಂಚಿನ ಉಕ್ಕಿನ ತುಂಡೊಂದರ ಆಕಾರಕ್ಕೂ ಮನುಷ್ಯನ ಭಯಕ್ಕೂ ನಡೆದಿರುವ ಈ ಜಗ್ಗಾಟಕ್ಕೆ ಹೆಚ್ಚುಕಡಿಮೆ ನೂರೈವತ್ತು ವರ್ಷಗಳ ಚರಿತ್ರೆಯಿದೆ.

ಲೈನ್‌ಮನ್‌ಗಳು ಇದನ್ನು 'ಹುಕ್ಸ್' ಎನ್ನುತ್ತಾರೆ. ಮರ ಕಡಿಯುವವರ ಬಾಯಲ್ಲಿ ಅದು 'ಸ್ಪರ್ಸ್' ಅಥವಾ 'ಸ್ಪೈಕ್ಸ್'. ಅಂಗಡಿಯವರ ಪಟ್ಟಿಯಲ್ಲಿ ಮರ್ಯಾದೆಯಾಗಿ 'ಕ್ಲೈಂಬರ್ಸ್' ಎಂದಿರುತ್ತದೆ. ಮುಳ್ಳಿನ ಭಾಗಕ್ಕೆ ಮಾತ್ರ ಎಲ್ಲರೂ ಹೇಳುವುದು 'ಗ್ಯಾಫ್' ಎಂದೇ. ದೊಡ್ಡ ಮೀನನ್ನು ನೀರಿನಿಂದೆತ್ತುವ ಕೊಕ್ಕೆಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಕೋಳಿ ಅಂಕದಲ್ಲಿ ಹುಂಜದ ಕಾಲಿಗೆ ಕಟ್ಟುವ ಉಕ್ಕಿನ ಮುಳ್ಳಿಗೂ ಅದೇ ಹೆಸರು. ಕರಾವಳಿಯ ಓದುಗರಿಗೆ ಬಹುಶಃ ಈ ಕೊನೆಯ ಹೋಲಿಕೆಯೇ ಬೇಗ ಅರ್ಥವಾದೀತು.

ತಂತಿಯ ಜೊತೆಗೆ ಬಂದ ಮುಳ್ಳು

ಸ್ಯಾಮ್ಯುಯೆಲ್ ಮೋರ್ಸ್ 1844ರ ಮೇ 24ರಂದು ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಮೊದಲ ತಂತಿ ಸಂದೇಶ ಕಳಿಸಿದ ಕಥೆ ಶಾಲೆಯ ಪುಸ್ತಕಗಳಲ್ಲಿದೆ. ಆ ತಂತಿ ಕಂಬದ ಮೇಲೆ ಹೋಗಬೇಕೆಂಬುದು ಮೊದಲ ಯೋಚನೆಯಾಗಿರಲಿಲ್ಲ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಸೀಸದ ಕೊಳವೆಯೊಳಗೆ ತಂತಿಯನ್ನಿಟ್ಟು ನೆಲದಡಿ ಹೂಳುವ ಕೆಲಸ ಶುರುವಾಗಿತ್ತು. ಕೆಲವು ಮೈಲಿ ಹೋಗುವಷ್ಟರಲ್ಲಿ ತಂತಿಯ ಹೊದಿಕೆ ಕೆಟ್ಟು ವಿದ್ಯುತ್ ಸೋರತೊಡಗಿತು. ಸರ್ಕಾರ ಕೊಟ್ಟಿದ್ದ 30 ಸಾವಿರ ಡಾಲರಿನಲ್ಲಿ ದೊಡ್ಡ ಪಾಲು ಮಣ್ಣು ಪಾಲಾಗಿತ್ತು. ಬೇರೆ ದಾರಿ ಕಾಣದೆ ಚೆಸ್ಟ್‌ನಟ್ ಮರದ ಕಂಬಗಳನ್ನು ನೆಟ್ಟು ಅವುಗಳ ತುದಿಯಲ್ಲಿ ತಂತಿ ಎಳೆದರು.

ಹೀಗೆ ಅನಿವಾರ್ಯವಾಗಿ ಎದ್ದ ಕಂಬಗಳು ಮುಂದಿನ ಹದಿನೇಳು ವರ್ಷಗಳಲ್ಲಿ ಇಡೀ ಖಂಡವನ್ನು ದಾಟಿದವು. 1861ರಲ್ಲಿ ಪೂರ್ವ ಕರಾವಳಿಗೂ ಪಶ್ಚಿಮ ಕರಾವಳಿಗೂ ತಂತಿ ಸಂಪರ್ಕವಾಯಿತು. ಕಂಬ ನೆಟ್ಟ ಮೇಲೆ ಹತ್ತುವವರು ಬೇಕಲ್ಲ? ಊರಿನಲ್ಲಾದರೆ ಏಣಿ ಸಿಕ್ಕೀತು. ಬಯಲಿನಲ್ಲಿ ಮೈಲಿಗಟ್ಟಲೆ ಏಣಿ ಹೊತ್ತು ನಡೆಯುವವರು ಯಾರು? ಹೀಗಾಗಿ ಹೆಗಲಿಗೆ ನೇತುಹಾಕಿಕೊಂಡು ಹೋಗಬಹುದಾದ ಮುಳ್ಳಿನ ಜೋಡಿ ಲೈನ್‌ಮನ್ನನ ಗುರುತಾಯಿತು. ಕಮ್ಮಾರರಿಗೆ ಹೊಸ ಗಿರಾಕಿಗಳು ಹುಟ್ಟಿಕೊಂಡರು. ಷಿಕಾಗೋದ ಮಥಾಯಸ್ ಕ್ಲೈನ್ ಎಂಬ ಕಮ್ಮಾರ 1857ರಲ್ಲಿ ಒಬ್ಬ ತಂತಿ ಕೆಲಸಗಾರನ ಮುರಿದ ಇಕ್ಕಳಕ್ಕೆ ಹೊಸ ಅರ್ಧವನ್ನು ಬಡಿದುಕೊಟ್ಟ. ಸ್ವಲ್ಪ ದಿನಕ್ಕೆ ಉಳಿದರ್ಧವೂ ಮುರಿಯಿತು, ಅದನ್ನೂ ಮಾಡಿಕೊಟ್ಟ. ಆ ಕುಲುಮೆಯೇ ಬೆಳೆದು ಲೈನ್‌ಮನ್ ಉಪಕರಣಗಳ ದೊಡ್ಡ ಕಂಪನಿಯಾಯಿತು. 1896ರಲ್ಲಿ ಶುರುವಾದ ಬಕಿಂಗ್‌ಹ್ಯಾಮ್ ಎಂಬ ಇನ್ನೊಂದು ಕಂಪನಿಯೂ ಕಾಲಿಗೆ ಕಟ್ಟುವ ಈ ಮುಳ್ಳುಗಳಿಗೆ ಹೆಸರಾಗಿದೆ.

ಆ ಕಾಲದ ಲೈನ್‌ಮನ್ನನ ಬದುಕು ಸುಖದ್ದೇನಲ್ಲ. 1889ರ ಅಕ್ಟೋಬರ್ 11ರಂದು ನ್ಯೂಯಾರ್ಕಿನ ಜನನಿಬಿಡ ಬೀದಿಯೊಂದರಲ್ಲಿ ಜಾನ್ ಫೀಕ್ಸ್ ಎಂಬ ಲೈನ್‌ಮನ್, ಸತ್ತ ತಂತಿ ಎಂದುಕೊಂಡು ಮುಟ್ಟಿದ್ದು ಜೀವಂತ ತಂತಿಯಾಗಿತ್ತು. ಸಾವಿರಾರು ಜನ ಕೆಳಗೆ ನಿಂತು ನೋಡುತ್ತಿದ್ದಂತೆ ಅವನ ದೇಹ ತಂತಿಗಳ ಬಲೆಯಲ್ಲಿ ಬಹಳ ಹೊತ್ತು ನೇತಾಡಿತು. ಅದಾದ ಮೇಲೆ ಆ ನಗರದ ತಂತಿಗಳನ್ನು ನೆಲದಡಿ ಹಾಕುವ ಕೆಲಸ ಚುರುಕಾಯಿತು. ಎರಡು ವರ್ಷದ ನಂತರ, 1891ರಲ್ಲಿ, ಸೇಂಟ್ ಲೂಯಿಸ್ ನಗರದಲ್ಲಿ ಹತ್ತು ಮಂದಿ ಪ್ರತಿನಿಧಿಗಳು ಸೇರಿ ವಿದ್ಯುತ್ ಕೆಲಸಗಾರರ ಸಂಘ ಕಟ್ಟಿದರು. ಮೊದಲ ಅಧ್ಯಕ್ಷ ಹೆನ್ರಿ ಮಿಲ್ಲರ್ ಸ್ವತಃ ಲೈನ್‌ಮನ್. ಕೆಲವು ಪ್ರದೇಶಗಳಲ್ಲಿ ಈ ಕೆಲಸಕ್ಕೆ ಸೇರಿದ ಇಬ್ಬರಲ್ಲಿ ಒಬ್ಬ ಕೆಲಸದಲ್ಲೇ ಸಾಯುತ್ತಿದ್ದ ಎಂದು ಆ ಸಂಘದ ಇತಿಹಾಸ ಹೇಳುತ್ತದೆ. ಮಿಲ್ಲರ್ ಕೂಡ 1896ರಲ್ಲಿ ವಿದ್ಯುತ್ ತಗಲಿ ಕಂಬದಿಂದ ಬಿದ್ದೇ ತೀರಿಕೊಂಡ.

ಅಂಗಾಂಗಗಳು

ಇನ್ನು ವಸ್ತುವಿನ ರಚನೆಗೆ ಬರೋಣ. ಒಂದು ಕಾಲಿನದನ್ನು ಕೈಯಲ್ಲಿ ಹಿಡಿದರೆ ನೋಡಲು ಇಂಗ್ಲಿಷಿನ 'ಜೆ' ಅಕ್ಷರದಂತಿದೆ. ಉದ್ದನೆಯ ಪಟ್ಟಿ ಮೊಣಕಾಲಿನ ಕೆಳಗಿನಿಂದ ಕಾಲಿನ ಒಳಮಗ್ಗುಲಲ್ಲಿ ಇಳಿದುಬರುತ್ತದೆ. ಪಾದದ ಹತ್ತಿರ ಅದು ತಿರುಗಿ ಬೂಟಿನ ಅಡಿಗೆ, ಹಿಮ್ಮಡಿಯ ಮುಂದಿನ ಕಮಾನಿನ ಕೆಳಗೆ ಹಾದುಹೋಗುತ್ತದೆ. ಕುದುರೆ ಸವಾರ ಕಾಲಿಡುವ ರಿಕಾಪಿನಂತೆ ಮನುಷ್ಯನ ಭಾರವೆಲ್ಲ ಇದರ ಮೇಲೆಯೇ. ಮುಳ್ಳು ಇರುವುದು ಈ ಪಟ್ಟಿಯ ಕೆಳತುದಿಯಲ್ಲಿ, ಪಾದದ ಒಳಬದಿಗೆ, ಪಟ್ಟಿಯಿಂದ ಸ್ವಲ್ಪ ಹೊರಕ್ಕೆ ಚಾಚಿಕೊಂಡು ಕೆಳಮುಖವಾಗಿ. ಕಣಕಾಲಿಗೆ ಒಂದು ಬೆಲ್ಟು, ಮೀನಖಂಡದ ಮೇಲೆ ಇನ್ನೊಂದು ಬೆಲ್ಟು.

ಮೇಲಿನ ಬೆಲ್ಟಿನ ಜಾಗದಲ್ಲಿ ಚರ್ಮದ ದಪ್ಪ ಮೆತ್ತೆ ಇರುತ್ತದೆ. ಅದು ಸೊಗಸಿಗಲ್ಲ. ಭಾರ ಬೀಳುವುದು ಪಾದದ ಅಡಿಯಲ್ಲಿ, ಅದನ್ನು ಹೊರುವುದು ಪಕ್ಕದಲ್ಲಿರುವ ಮುಳ್ಳು. ಎರಡೂ ಒಂದೇ ಗೆರೆಯಲ್ಲಿ ಇಲ್ಲದ್ದರಿಂದ ಇಡೀ ಕಬ್ಬಿಣ ತಿರುಚಿಕೊಳ್ಳಲು ನೋಡುತ್ತದೆ, ಅದರ ಮೇಲ್ತುದಿ ಮೊಣಕಾಲ ಕೆಳಗಿನ ಎಲುಬನ್ನು ಒತ್ತುತ್ತದೆ. ಒಂದು ದಿನವಲ್ಲ, ವರ್ಷಗಟ್ಟಲೆ. ಹಳೆಯ ಕಾಲದ ತೆಳು ಮೆತ್ತೆಗಳನ್ನು ಕಟ್ಟಿಕೊಂಡು ದುಡಿದವರ ಕಾಲಿನ ಸ್ಥಿತಿ ಊಹಿಸಿಕೊಳ್ಳಿ. ಈಗಿನ ಮೆತ್ತೆಗಳು ಕಾಲನ್ನು ಸುತ್ತುವಷ್ಟು ಅಗಲವಾಗಿವೆ. ಅಡಿಯಲ್ಲಿ ಬೂಟಿನದೂ ಅಷ್ಟೇ ಮುಖ್ಯ ಪಾತ್ರ: ಲೈನ್‌ಮನ್ ಬೂಟಿನ ಅಟ್ಟೆಯೊಳಗೆ ಉಕ್ಕಿನ ಪಟ್ಟಿ ಇರುತ್ತದೆ. ಇಲ್ಲದಿದ್ದರೆ ರಿಕಾಪು ಪಾದವನ್ನು ಕೊರೆದುಬಿಡುತ್ತದೆ.

ಅಳತೆ ಕೂಡ ದರ್ಜಿಯ ಅಂಗಡಿಯಷ್ಟೇ ಖಚಿತ. ಬೂಟಿನ ಕಮಾನಿನಿಂದ ಮೊಣಕಾಲಿನ ಒಳಮಗ್ಗುಲ ಎಲುಬಿನ ಉಬ್ಬಿನವರೆಗೆ ಅಳೆದು ಅರ್ಧ ಇಂಚು ಕಳೆಯಬೇಕು. ಉದ್ದವಾದರೆ ಮೊಣಕಾಲಿಗೆ ಬಡಿಯುತ್ತದೆ, ಗಿಡ್ಡವಾದರೆ ಮೀನಖಂಡವನ್ನು ತಿನ್ನುತ್ತದೆ. ಅರ್ಧ ಅರ್ಧ ಇಂಚಿನ ವ್ಯತ್ಯಾಸದಲ್ಲಿ ಬೇರೆ ಬೇರೆ ಜೋಡಿಗಳನ್ನು ಮಾಡುತ್ತಿದ್ದ ಕಾಲವಿತ್ತು. ಆಮೇಲೆ ತಿರುಪು ಬಿಚ್ಚಿ ಉದ್ದ ಬದಲಿಸಬಹುದಾದವು ಬಂದವು. ಉಕ್ಕಿನ ಜಾಗಕ್ಕೆ ಅಲ್ಯೂಮಿನಿಯಂ, ಟೈಟಾನಿಯಂ ಬಂದು ಭಾರವೂ ಇಳಿಯಿತು. ಮುಳ್ಳು ಮಾತ್ರ ಇಂದಿಗೂ ಉಕ್ಕಿನದೇ. ಅದು ಸವೆದರೆ ಇಡೀ ಕಬ್ಬಿಣವನ್ನು ಎಸೆಯಬೇಕಾಗಿಲ್ಲ, ಮುಳ್ಳನ್ನಷ್ಟೇ ಬಿಚ್ಚಿ ಬೇರೆಯದನ್ನು ಕೂರಿಸಬಹುದು.

ಕೋನವೇ ಪ್ರಾಣ

ಗೋಡೆಗೆ ಮೊಳೆ ಹೊಡೆದು ಅಂಗಿ ನೇತುಹಾಕುವವರೆಲ್ಲ ಮೊಳೆಯನ್ನು ಸ್ವಲ್ಪ ಓರೆಯಾಗಿ, ತಲೆ ಮೇಲಾಗಿ ಹೊಡೆಯುತ್ತಾರೆ. ಆಗ ಅಂಗಿಯ ಭಾರ ಮೊಳೆಯನ್ನು ಹೊರಗೆಳೆಯುವುದಿಲ್ಲ. ಕಾಲಿನ ಮುಳ್ಳಿನ ಲೆಕ್ಕವೂ ಹೀಗೆಯೇ, ಆದರೆ ಇಲ್ಲಿ ಓರೆಯನ್ನು ನಿರ್ಧರಿಸುವುದು ಸುತ್ತಿಗೆಯಲ್ಲ, ಮೊಣಕಾಲು. ಮೊಣಕಾಲು ಕಂಬದಿಂದ ದೂರವಿದ್ದಾಗ ಮುಳ್ಳಿನ ಮೊನೆ ಮರದೊಳಕ್ಕೆ ಮುಖಮಾಡುತ್ತದೆ. ಮೈಭಾರ ಹೆಚ್ಚಿದಷ್ಟೂ ಅದು ಒಳಕ್ಕೆ ಹೋಗುತ್ತದೆ. ಮೊಣಕಾಲು ಕಂಬದ ಹತ್ತಿರ ಬಂದರೆ ಪಟ್ಟಿ ವಾಲಿ, ಮೊನೆ ಮರದ ಮೈಗೆ ಸಮಾನಾಂತರವಾಗುತ್ತದೆ. ಆಗ ಅದೇ ಮೈಭಾರ ಮುಳ್ಳನ್ನು ಉಳಿಯನ್ನಾಗಿ ಮಾಡಿ, ಕಂಬದಿಂದ ಉದ್ದನೆಯ ಸಿಬಿರೊಂದನ್ನು ಸೀಳಿಕೊಂಡು ಕೆಳಕ್ಕೆ ಜಾರುತ್ತದೆ. ಇದಕ್ಕೆ ಅವರ ಭಾಷೆಯಲ್ಲಿ 'ಕಟ್ ಔಟ್' ಎಂದು ಹೆಸರು.

ಹೊಸಬನ ದುರ್ದೈವ ಶುರುವಾಗುವುದು ಇಲ್ಲಿಂದ. ಒಂದು ಕಾಲು ಜಾರಿತೋ, ಹೆದರಿಕೆಯಲ್ಲಿ ಕಂಬವನ್ನು ತಬ್ಬಿಕೊಳ್ಳುತ್ತಾನೆ. ತಬ್ಬಿದೊಡನೆ ಇನ್ನೊಂದು ಮೊಣಕಾಲೂ ಕಂಬಕ್ಕೆ ತಾಗುತ್ತದೆ, ಆ ಮುಳ್ಳೂ ಕಿತ್ತುಬರುತ್ತದೆ. ಮುಂದಿನದು ಸಿಬಿರು ಮತ್ತು ಕೀಲೆಣ್ಣೆಯ ವಾಸನೆಯ ಕಂಬದ ಮೇಲೆ ಎದೆ, ತೋಳುಗಳನ್ನು ಉಜ್ಜಿಕೊಂಡು ಜಾರುವ ಪ್ರಯಾಣ. 'ಕಂಬ ಸುಡುವುದು' ಎಂದು ಲೈನ್‌ಮನ್‌ಗಳು ಇದನ್ನು ತಮಾಷೆ ಮಾಡುತ್ತಾರೆ. ಸುಟ್ಟುಕೊಂಡವನಿಗೆ ಅದು ತಮಾಷೆಯಲ್ಲ.

ಆದ್ದರಿಂದ ತರಬೇತಿಯ ಮೊದಲ ದಿನಗಳಲ್ಲಿ ಹುಡುಗರನ್ನು ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲೇ ನಿಲ್ಲಿಸಿ ಸೊಂಟ ಹಿಂದಕ್ಕೆ, ಮೊಣಕಾಲು ಹೊರಕ್ಕೆ, ಕೈ ಸಡಿಲ ಎಂದು ಹೇಳುತ್ತಲೇ ಇರಬೇಕಾಗುತ್ತದೆ. ಮೈಯನ್ನು ಎತ್ತುವುದು ಕಾಲಿನ ಕೆಲಸ. ಕೈ ಇರುವುದು ಸಮತೋಲಕ್ಕೆ ಮಾತ್ರ. ಮೇಲೆ ಹೋದ ಮೇಲೆ ಸೊಂಟದ ಪಟ್ಟಿಯಿಂದ ಕಂಬದ ಸುತ್ತ ಇನ್ನೊಂದು ಬೆಲ್ಟು ಹಾಕಿಕೊಂಡು ಹಿಂದಕ್ಕೆ ಒರಗಿದರೆ ಎರಡೂ ಕೈ ಖಾಲಿ. ಆಗ ಬೆಲ್ಟು ಸೊಂಟವನ್ನು ಒಳಕ್ಕೆ ಎಳೆದು ಹಿಡಿಯುತ್ತದೆ, ಕಾಲು ಕಂಬವನ್ನು ಒತ್ತುತ್ತದೆ. ಆರಾಮಕುರ್ಚಿಯಲ್ಲಿ ಕೂತಂತೆ ಎಂದು ಅನುಭವಸ್ಥರು ವರ್ಣಿಸುತ್ತಾರೆ. ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು.

ಮೊನೆಯ ಹರಿತದಲ್ಲೂ ಒಂದು ಸೂಕ್ಷ್ಮವಿದೆ. ಸೂಜಿಯಷ್ಟು ಚೂಪಾದರೆ ಒಳ್ಳೆಯದು ಎಂದು ನಮಗನ್ನಿಸಬಹುದು. ಹಾಗಲ್ಲ. ಸೂಜಿಮೊನೆ ಬೇಕಾದ್ದಕ್ಕಿಂತ ಆಳಕ್ಕೆ ಹೋಗಿ ಪ್ರತಿ ಹೆಜ್ಜೆಗೂ ಕಾಲನ್ನು ಕಿತ್ತು ತೆಗೆಯಬೇಕಾಗುತ್ತದೆ, ಮೊನೆ ಬೇಗ ಮುರಿಯುತ್ತದೆ ಕೂಡ. ಮೊಂಡಾದರೆ ಜಾರುತ್ತದೆ. ಎರಡರ ನಡುವಿನ ಹದವನ್ನು ಅರದಿಂದ ಉಜ್ಜಿ ತರಬೇಕು. ಅದೂ ಹೊರಮೈಯನ್ನು ಮಾತ್ರ. ಒಳಮೈಯನ್ನು ಉಜ್ಜಿದರೆ ಕೋನ ಬದಲಾಗಿಬಿಡುತ್ತದೆ. ಸಾಣೆಚಕ್ರಕ್ಕೆ ಹಿಡಿಯುವುದಂತೂ ನಿಷಿದ್ಧ: ಬಿಸಿಗೆ ಉಕ್ಕಿನ ಹದ ಇಳಿದು ಮುಳ್ಳು ಮೆತ್ತಗಾಗುತ್ತದೆ. ನಮ್ಮ ಹಳ್ಳಿಯ ಕಮ್ಮಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕುಡುಗೋಲಿಗೆ ನೀರು ಕುಡಿಸುವಾಗ ಅವರು ನೋಡುವುದೂ ಇದೇ ಹದವನ್ನು.

ಉಜ್ಜುತ್ತ ಉಜ್ಜುತ್ತ ಮುಳ್ಳು ಗಿಡ್ಡವಾಗುತ್ತದಷ್ಟೆ. ಒಳಮಗ್ಗುಲಲ್ಲಿ ಒಂದೂಕಾಲು ಇಂಚಿಗಿಂತ ಕಡಿಮೆಯಾದರೆ ಅದನ್ನು ತೆಗೆದುಹಾಕಬೇಕು ಎಂಬುದು ಅಮೆರಿಕದಲ್ಲಿ ರೂಢಿಯಲ್ಲಿರುವ ಕಟ್ಟಳೆ. ಉದ್ದ, ಅಗಲ, ದಪ್ಪಗಳನ್ನು ನೋಡಲು ತಯಾರಕರೇ ಚಿಕ್ಕ ಅಳತೆಪಟ್ಟಿ ಕೊಡುತ್ತಾರೆ. ಇದಲ್ಲದೆ ಇನ್ನೊಂದು ಸರಳ ಪರೀಕ್ಷೆಯಿದೆ. ಮೆತ್ತನೆಯ ಪೈನ್ ಹಲಗೆಯ ಮೇಲೆ ಕಬ್ಬಿಣವನ್ನು ಮಲಗಿಸಿ, ಬಡಗಿ ಉಜ್ಜುಗೊರಡು ನೂಕುವಂತೆ ಮುಂದಕ್ಕೆ ನೂಕುವುದು. ಮುಳ್ಳು ಒಂದಿಂಚಿನೊಳಗೆ ಹಲಗೆಯನ್ನು ಕಚ್ಚಿ ನಿಂತರೆ ಸರಿ. ಜಾರುತ್ತ ಹೋದರೆ ಕಂಬದ ಮೇಲೂ ಜಾರುತ್ತದೆ. ಹಲಗೆಯ ತುಂಡೊಂದು ಬಿಟ್ಟರೆ ಕಾಸೂ ಖರ್ಚಿಲ್ಲದ ಈ ಪರೀಕ್ಷೆ, ಈ ಲೇಖಕನಿಗೆ ಇಡೀ ವಿಷಯದಲ್ಲೇ ಅತ್ಯಂತ ಜಾಣತನದ್ದಾಗಿ ಕಂಡಿತು.

ಡೆಹರಾಡೂನಿನ ಔಷಧ, ಅಮೆರಿಕದ ಕಂಬ

ಮುಳ್ಳು ಎಷ್ಟೇ ಚೆನ್ನಾಗಿದ್ದರೂ ಕಂಬ ಅದನ್ನು ಒಳಗೆ ಬಿಟ್ಟುಕೊಳ್ಳಬೇಕು. ಮೋರ್ಸ್ ಬಳಸಿದ ಚೆಸ್ಟ್‌ನಟ್ ಮರಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಶಿಲೀಂಧ್ರ ರೋಗಕ್ಕೆ ತುತ್ತಾಗಿ ಅಮೆರಿಕದ ಕಾಡುಗಳಿಂದ ಹೆಚ್ಚುಕಡಿಮೆ ಮಾಯವಾದವು. ಸೀಡರ್ ಮತ್ತು ಪೈನ್ ಕಂಬಗಳು ಆ ಜಾಗಕ್ಕೆ ಬಂದವು. ಪೈನ್ ಕಂಬ ಹಾಗೆಯೇ ನೆಟ್ಟರೆ ಬೇಗ ಕೊಳೆಯುತ್ತದೆ. ಅದಕ್ಕೆ ಕಲ್ಲಿದ್ದಲು ಡಾಂಬರಿನಿಂದ ತೆಗೆದ ಕ್ರಿಯೋಸೋಟ್ ಎಣ್ಣೆ ಕುಡಿಸುತ್ತಿದ್ದರು. ಮೇಲೆ ಕೀಲೆಣ್ಣೆ ಎಂದದ್ದು ಇದನ್ನೇ. ಗಬ್ಬುವಾಸನೆ, ಬಟ್ಟೆಗೆ ಕಲೆ, ಚರ್ಮಕ್ಕೆ ಉರಿ. ಆದರೆ ಎಣ್ಣೆ ಕುಡಿದ ಕಂಬ ಮೆತ್ತಗಿರುತ್ತಿತ್ತು, ಮುಳ್ಳು ಸಲೀಸಾಗಿ ಇಳಿಯುತ್ತಿತ್ತು.

ಈ ಕಥೆಗೆ ಭಾರತದ ನಂಟು ಸೇರುವುದು ಇಲ್ಲಿ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂತಿ ಕಾಮೇಶನ್ ಎಂಬ ವಿಜ್ಞಾನಿ 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಲವಣಗಳನ್ನು ಬೆರೆಸಿ ಮರಕ್ಕೆ ಹೊಸ ಔಷಧ ಕಂಡುಹಿಡಿದರು. ಗೆದ್ದಲು ಹತ್ತುವುದಿಲ್ಲ, ಕೊಳೆಯುವುದಿಲ್ಲ, ವಾಸನೆಯಿಲ್ಲ, ಮುಟ್ಟಿದರೆ ಕೈಗೆ ಅಂಟುವುದಿಲ್ಲ. ಆರ್ಸೆನಿಕ್ ಮತ್ತು ತಾಮ್ರದ ರಾಸಾಯನಿಕ ಸಂಕೇತಗಳನ್ನು ಕೂಡಿಸಿ ಅದಕ್ಕೆ 'ಆಸ್ಕು' ಎಂದು ಹೆಸರಾಯಿತು. ಸಿ.ಸಿ.ಎ. ಎಂಬ ಹೆಸರಿನಲ್ಲಿ ಅದು ಜಗತ್ತನ್ನೆಲ್ಲ ಸುತ್ತಿ ಅಮೆರಿಕದ ಕಂಬಗಳಿಗೂ ಬಂತು. ಆರ್ಸೆನಿಕ್ ಇರುವುದರಿಂದ ಮನೆ, ಆಟದ ಮೈದಾನಗಳ ಮರಕ್ಕೆ ಇದನ್ನು ಬಳಸುವುದನ್ನು ಅಲ್ಲಿನ ತಯಾರಕರು 2003ರ ಕೊನೆಗೆ ನಿಲ್ಲಿಸಿದರು. ಕಂಬಗಳಿಗೆ ಮಾತ್ರ ಉಳಿದುಕೊಂಡಿತು.

ಆದರೆ ಲೈನ್‌ಮನ್‌ಗಳ ತಕರಾರು ಆರ್ಸೆನಿಕ್ ಬಗ್ಗೆ ಇರಲಿಲ್ಲ. ನೀರಿನಲ್ಲಿ ಕರಗಿಸಿ ಕುಡಿಸಿದ ಔಷಧವಾದ್ದರಿಂದ ಕಂಬ ಒಣಗಿದ ಮೇಲೆ ಕಲ್ಲಿನಂತಾಗುತ್ತಿತ್ತು. ಮುಳ್ಳು ಒಂದಿಷ್ಟೇ ನಾಟುತ್ತಿತ್ತು, ಪ್ರತಿ ಹೆಜ್ಜೆಗೂ ಕಾಲನ್ನು ಅಪ್ಪಳಿಸಬೇಕಾಗುತ್ತಿತ್ತು. ಕಂಬ ನೂರು ವರ್ಷ ಬಾಳಿ ಏನು ಬಂತು, ಹತ್ತುವವನ ಮೊಣಕಾಲು ಬಾಳಬೇಡವೇ? ಕೊನೆಗೆ ರಸಾಯನಶಾಸ್ತ್ರಜ್ಞರು ಸೋತರು. ಔಷಧದ ಜೊತೆಗೆ ಪಾಲಿಎಥಿಲೀನ್ ಗ್ಲೈಕಾಲನ್ನೋ ಎಣ್ಣೆಯ ಮಿಶ್ರಣವನ್ನೋ ಸೇರಿಸಿ, ಮುಳ್ಳಿಗೆ ಒಗ್ಗುವಷ್ಟು ಮೆತ್ತಗಿರುವ ಕಂಬಗಳನ್ನು ತಯಾರಿಸತೊಡಗಿದರು. ಉಪಕರಣವನ್ನು ಕಂಬಕ್ಕೆ ಹೊಂದಿಸುವುದು ಎಲ್ಲರೂ ಮಾಡುವ ಕೆಲಸ. ಇಲ್ಲಿ ಕಂಬವನ್ನೇ ಉಪಕರಣಕ್ಕೆ ಹೊಂದಿಸಬೇಕಾಯಿತು.

ಮರದ ಕಂಬವೇ ಇಲ್ಲದ ಕಡೆ ಮುಳ್ಳಿಗೆ ಕೆಲಸವಿಲ್ಲ. ಚೀನಾದಲ್ಲಿ ದುಂಡನೆಯ ಸಿಮೆಂಟ್ ಕಂಬಗಳನ್ನು ಹತ್ತಲು ಪಾದಕ್ಕೆ ಕಟ್ಟಿಕೊಳ್ಳುವುದು ಒಳಗೆ ರಬ್ಬರ್ ಇರುವ ಕಬ್ಬಿಣದ ಅರೆಬಳೆಯನ್ನು. ಅದು ಕಂಬವನ್ನು ಚುಚ್ಚುವುದಿಲ್ಲ, ಸುತ್ತಿ ಹಿಡಿಯುತ್ತದೆ. ನಮ್ಮಲ್ಲಿ ಬೀದಿಬೀದಿಯ ಕಂಬ ಸಿಮೆಂಟಿನದು ಅಥವಾ ಕಬ್ಬಿಣದ್ದು. ನಮ್ಮ ಲೈನ್‌ಮನ್ನನ ಜೊತೆ ಏಣಿಯೋ ಹಗ್ಗವೋ ಕಾಣುವುದು ಇದೇ ಕಾರಣಕ್ಕೆ.

ಮರದ ಮುಳ್ಳೇ ಬೇರೆ

ಕಂಬದ ಮುಳ್ಳು ಒಂದೂವರೆ ಇಂಚಿನ ಆಸುಪಾಸು ಇದ್ದರೆ ಮರ ಹತ್ತುವ ಮುಳ್ಳು ಎರಡೂಮುಕ್ಕಾಲು ಇಂಚಿನಷ್ಟು ಇರುತ್ತದೆ. ಕಾರಣ ತೊಗಟೆ. ಡಗ್ಲಸ್ ಫರ್‌ನಂಥ ಮರದ ತೊಗಟೆ ಅಂಗೈ ಅಗಲ ದಪ್ಪವಿರಬಹುದು. ಗಿಡ್ಡ ಮುಳ್ಳು ತೊಗಟೆಯಲ್ಲೇ ಉಳಿದರೆ, ತೊಗಟೆ ಕಿತ್ತುಬಂದಾಗ ಮನುಷ್ಯನೂ ಅದರ ಜೊತೆ ಬರುತ್ತಾನೆ. ಹಾಗಿದ್ದರೆ ಉದ್ದನೆಯದನ್ನೇ ಎಲ್ಲಕ್ಕೂ ಬಳಸಬಾರದೇ? ಗಟ್ಟಿ ಕಂಬದಲ್ಲಿ ನಾಟುವುದು ಅರ್ಧ ಇಂಚು ಮಾತ್ರ. ಉಳಿದದ್ದೆಲ್ಲ ಹೊರಗೆ ಚಾಚಿಕೊಂಡು ಪಾದವನ್ನು ಕಂಬದಿಂದ ದೂರ ನಿಲ್ಲಿಸುತ್ತದೆ. ಸನ್ನೆಕೋಲಿನಂತೆ ತಿರುಚುವ ಬಲ ಹೆಚ್ಚಿ ಕಣಕಾಲು ಸೋಲುತ್ತದೆ.

ಉದ್ದ ಮುಳ್ಳಿನ ವೀರರೆಂದರೆ ಅಮೆರಿಕದ ವಾಯವ್ಯ ಕಾಡುಗಳಲ್ಲಿ ದುಡಿದ ಮರಕಡಿತಗಾರರು. ದಿಮ್ಮಿಗಳನ್ನು ಎಳೆಯುವ ರಾಟೆ, ಉಕ್ಕಿನ ಹಗ್ಗಗಳನ್ನು ಕಟ್ಟಲು ಅವರಿಗೆ ಕಾಡಿನ ನಡುವೆ ಒಂದು ಎತ್ತರದ ಬೋಳು ಕಂಬ ಬೇಕಿತ್ತು. ಅದಕ್ಕಾಗಿ ನಿಂತ ಮರವನ್ನೇ ಒಬ್ಬ ಹತ್ತಿ, ದಾರಿಯುದ್ದಕ್ಕೂ ಕೊಂಬೆ ಸವರುತ್ತ ಹೋಗಿ, ಇನ್ನೂರು ಅಡಿಯ ಸುಮಾರಿಗೆ ತುದಿಯನ್ನು ಕಡಿದು ಉರುಳಿಸುತ್ತಿದ್ದ. ತುದಿ ಮುರಿದು ಬೀಳುವಾಗ ಉಳಿದ ಕಾಂಡ ಬಿಲ್ಲಿನ ಹೆದೆಯಂತೆ ಮಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಅವನನ್ನು ಹಿಡಿದಿರುತ್ತಿದ್ದದ್ದು ಎರಡು ಮುಳ್ಳು ಮತ್ತು ಸೊಂಟದ ಒಂದು ಹಗ್ಗ. ಕೊಡಲಿಯ ಏಟು ತಪ್ಪಿ ತನ್ನ ಹಗ್ಗಕ್ಕೇ ಬಿದ್ದರೆ? ಅದಕ್ಕೆಂದೇ ಆ ಹಗ್ಗದ ನಡುವೆ ಉಕ್ಕಿನ ತಂತಿ ಹೊಸೆದಿರುತ್ತಿದ್ದರು.

ಆದರೆ ಕಡಿದುರುಳಿಸುವ ಮರಕ್ಕೆ ಹಾಕಿದ ಮುಳ್ಳು ಬೇರೆ, ಉಳಿಸಿಕೊಳ್ಳುವ ಮರಕ್ಕೆ ಹಾಕಿದ ಮುಳ್ಳು ಬೇರೆ. ಮರದ ಜೀವವಿರುವುದು ತೊಗಟೆಯ ಕೆಳಗಿನ ತೆಳು ಪದರದಲ್ಲಿ. ನಲವತ್ತು ಅಡಿ ಹತ್ತಿ ಇಳಿದರೆ ಆ ಪದರಕ್ಕೆ ನೂರರ ಹತ್ತಿರ ಗಾಯಗಳು. ಒಂದೊಂದೂ ಶಿಲೀಂಧ್ರಕ್ಕೆ ತೆರೆದ ಬಾಗಿಲು. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ 1970ರ ದಶಕದಲ್ಲಿ ಸಾವಿರಾರು ಮರಗಳನ್ನು ಸೀಳಿ ನೋಡಿ, ಮರದ ಗಾಯ ನಮ್ಮ ಚರ್ಮದಂತೆ ಮಾಯುವುದಿಲ್ಲ, ಗಾಯವಾದ ಭಾಗದ ಸುತ್ತ ಗೋಡೆ ಕಟ್ಟಿಕೊಂಡು ಮರ ಅದನ್ನು ಒಳಗೇ ಇಟ್ಟುಕೊಳ್ಳುತ್ತದೆ ಎಂದು ತೋರಿಸಿದರು. ಕೊಂಬೆ ಸವರಲೆಂದು ಜೀವಂತ ಮರಕ್ಕೆ ಮುಳ್ಳು ಕಟ್ಟಿಕೊಂಡು ಹತ್ತಬಾರದು ಎಂದು ಈಗ ಅಲ್ಲಿನ ವೃತ್ತಿ ನಿಯಮವೇ ಹೇಳುತ್ತದೆ. ಮರದ ಮೇಲೆ ಸಿಕ್ಕಿಬಿದ್ದವರನ್ನು ಇಳಿಸುವಂಥ ಸಂದರ್ಭಕ್ಕೆ ವಿನಾಯಿತಿಯಿದೆ. ಉಳಿದಂತೆ ಹಗ್ಗವೇ ಗತಿ.

ತೆಂಗು, ಅಡಿಕೆಗಳ ವಿಷಯ ಇನ್ನೂ ಕಠಿಣ. ಅವುಗಳಿಗೆ ಹೊಸ ಮರವನ್ನು ಬೆಳೆಸಿ ಗಾಯ ಮುಚ್ಚುವ ಆ ಪದರವೇ ಇಲ್ಲ. ಚುಚ್ಚಿದ ತೂತು ಮರ ಇರುವವರೆಗೂ ತೂತೇ. ತೆಂಗಿನ ಕೆಂಪು ಮೂತಿ ಹುಳುವಿಗೆ ಮೊಟ್ಟೆಯಿಡಲು ಅಂಥ ಗಾಯ ಸಾಕು. ಮಲೆನಾಡಿನ ಕೊನೆಗೌಡ ಉಕ್ಕಿನ ಮುಳ್ಳನ್ನು ಕಾಣದೆಯೇ ಇದಕ್ಕೆ ಪರಿಹಾರ ಕಂಡುಕೊಂಡಿದ್ದಾನೆ. ಎರಡು ಪಾದಗಳಿಗೆ ಸೇರಿಸಿ ಹಾಕಿಕೊಳ್ಳುವ ತಳೆ. ಮೈಭಾರ ತಳೆಯನ್ನು ಬಿಗಿಯುತ್ತದೆ, ತಳೆ ಎರಡೂ ಅಂಗಾಲುಗಳನ್ನು ಮರಕ್ಕೆ ಒತ್ತುತ್ತದೆ, ಮರಕ್ಕೆ ಗೀರೂ ಬೀಳುವುದಿಲ್ಲ. ಮುಳ್ಳಿನಂತೆಯೇ ಇಲ್ಲೂ ಭಾರ ಹೆಚ್ಚಿದಷ್ಟು ಹಿಡಿತ ಹೆಚ್ಚು. ಆದರೆ ಒಂದು ಚುಚ್ಚುತ್ತದೆ, ಇನ್ನೊಂದು ಹಿಡಿಯುತ್ತದೆ. ಚಿಕ್ಕಂದಿನಲ್ಲಿ ಅಜ್ಜನ ತೋಟದಲ್ಲಿ ಈ ಲೇಖಕ ತಳೆ ಹಾಕಿಕೊಂಡು ಒಂದಾಳು ಎತ್ತರ ಹೋಗಿ ಕೂಗಿಕೊಂಡದ್ದುಂಟು. ಅದೇ ಮರವನ್ನು ಹತ್ತಿದ ಕೊನೆಗೌಡ, ತುದಿಯಿಂದ ಪಕ್ಕದ ಮರದ ತುದಿಗೆ ಜೀಕಿ ದಾಟಿ, ಹತ್ತಾರು ಮರಗಳ ಕೊನೆ ಕೊಯ್ದೇ ಕೆಳಗಿಳಿದ.

ಮೊಟ್ಟೆಯೂ ಮೊಳೆಯೂ

ಬುಟ್ಟಿ ಎತ್ತುವ ಲಾರಿಗಳು ಬಂದ ಮೇಲೆ ಮುಳ್ಳಿನ ಕಾಲ ಮುಗಿಯಿತು ಎಂದುಕೊಳ್ಳಬಹುದು. ಆದರೆ ಅಮೆರಿಕದಲ್ಲಿ ಇರುವ ಮರದ ಕಂಬಗಳು ಹತ್ತು ಕೋಟಿಗೂ ಹೆಚ್ಚು. ಎಷ್ಟೋ ಕಂಬಗಳು ಮನೆಗಳ ಹಿತ್ತಿಲಲ್ಲಿ, ಗುಡ್ಡದ ಓರೆಯಲ್ಲಿ, ಜೌಗಿನಲ್ಲಿ ನಿಂತಿವೆ. ಅಲ್ಲಿಗೆ ಲಾರಿ ಹೋಗದು. ಬಿರುಗಾಳಿ ಬಂದು ಹೋದ ಮಾರನೆಯ ದಿನ ರಸ್ತೆಯೇ ಇರುವುದಿಲ್ಲ. ಹೀಗಾಗಿ ಕಂಬ ಹತ್ತುವ ಶಾಲೆಗಳು ಇನ್ನೂ ನಡೆಯುತ್ತಿವೆ.

ಬದಲಾದದ್ದು ಇನ್ನೊಂದು. ಹಿಂದೆ ನೆಲದಿಂದ ತುದಿಯವರೆಗೆ ಮುಳ್ಳು ಮತ್ತು ಕೈ ಮಾತ್ರ ನಂಬಿ ಹತ್ತಿ, ಮೇಲೆ ಹೋದ ಮೇಲಷ್ಟೇ ಬೆಲ್ಟು ಹಾಕಿಕೊಳ್ಳುವುದು ರೂಢಿ. ಅದರಲ್ಲೇ ಒಂದು ಗತ್ತು ಇತ್ತು. 2014ರಲ್ಲಿ ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆ ನಿಯಮ ಬದಲಿಸಿತು. 2015ರ ಏಪ್ರಿಲ್ 1ರಿಂದ ಹತ್ತುವಾಗಲೂ ಇಳಿಯುವಾಗಲೂ ಬೀಳದಂತೆ ತಡೆಯುವ ಸಾಧನ ಇರಲೇಬೇಕು. ಅದನ್ನು ಬಳಸುವುದು ಅಸಾಧ್ಯವಾದ ಅಥವಾ ಇನ್ನಷ್ಟು ಅಪಾಯಕರವಾದ ಕಡೆ ಮಾತ್ರ ರಿಯಾಯಿತಿ. ಈಗ ಬಳಸುವ ಪಟ್ಟಿ ಕಂಬವನ್ನು ಸುತ್ತಿಕೊಂಡೇ ಮೇಲೇರುತ್ತದೆ. ಮುಳ್ಳು ಜಾರಿ ಮೈಭಾರ ಬಿದ್ದೊಡನೆ ಉರುಳಿನಂತೆ ಬಿಗಿದುಕೊಳ್ಳುತ್ತದೆ. ನಿಧಾನವಾಗುತ್ತದೆ ಎಂದು ಹಳಬರು ಗೊಣಗಿದರು. ಹೆನ್ರಿ ಮಿಲ್ಲರ್ ಇದ್ದಿದ್ದರೆ ಗೊಣಗುತ್ತಿರಲಿಲ್ಲವೇನೋ.

ಹಳೆಯ ಗತ್ತು ಸ್ಪರ್ಧೆಗಳಲ್ಲಿ ಉಳಿದಿದೆ. ವಿಸ್ಕಾನ್ಸಿನ್ ರಾಜ್ಯದ ಹೇವರ್ಡ್ ಎಂಬ ಊರಿನಲ್ಲಿ 1960ರಿಂದ ನಡೆದುಬಂದ ಮರಕಡಿತಗಾರರ ಪಂದ್ಯಗಳಲ್ಲಿ 60 ಮತ್ತು 90 ಅಡಿಯ ಸೀಡರ್ ಕಂಬಗಳನ್ನು ಮುಳ್ಳು ಕಟ್ಟಿಕೊಂಡು ಹತ್ತಿ ಇಳಿಯುತ್ತಾರೆ. ಕನ್ಸಾಸ್ ನಗರದ ಸುತ್ತಮುತ್ತ 1984ರಿಂದ ಲೈನ್‌ಮನ್‌ಗಳದೇ ಕೂಟವೊಂದು ನಡೆಯುತ್ತದೆ. ಅಲ್ಲಿನ ಒಂದು ಪಂದ್ಯದಲ್ಲಿ ಬಕೆಟ್ಟಿನಲ್ಲಿ ಹಸಿ ಕೋಳಿಮೊಟ್ಟೆ ಇಟ್ಟುಕೊಂಡು 40 ಅಡಿ ಕಂಬ ಹತ್ತಬೇಕು. ಇಳಿಯುವಾಗ ಮೊಟ್ಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಬರಬೇಕು. ಮೊಟ್ಟೆ ಒಡೆಯಬಾರದು. ಮುಳ್ಳನ್ನು ಅಪ್ಪಳಿಸುವವನ ದವಡೆ ಬಿಗಿಯುತ್ತದೆ, ಮೊಟ್ಟೆ ಒಡೆಯುತ್ತದೆ. ಮೈ ಸಡಿಲ ಬಿಟ್ಟವನದು ಉಳಿಯುತ್ತದೆ.

ಇಷ್ಟೆಲ್ಲ ಕಲಿತವನೂ ಹತ್ತುವ ಮುನ್ನ ಕಂಬದ ಸುತ್ತ ಒಮ್ಮೆ ನಡೆದು ನೋಡುತ್ತಾನೆ. ಕಂಬ ಯಾವ ಕಡೆಗೆ ವಾಲಿದೆ, ಬಿರುಕೆಲ್ಲಿದೆ, ಗಂಟೆಲ್ಲಿದೆ. ಇವೆಲ್ಲಕ್ಕಿಂತ ಅವನು ಹೆದರುವುದು ಊರಿನವರು ಹೊಡೆದ ಮೊಳೆಗಳಿಗೆ. ಕಳೆದುಹೋದ ಬೆಕ್ಕಿನ ಚಿತ್ರ, ಹಳೆಯ ಸಾಮಾನು ಮಾರಾಟದ ಚೀಟಿಗಳನ್ನು ಕಂಬಕ್ಕೆ ಬಡಿದು ಹೋಗುವುದು ಅಲ್ಲಿಯೂ ಇದೆ. ಕಾಗದ ಮಳೆಗೆ ಕರಗಿಹೋಗುತ್ತದೆ, ಮೊಳೆಯ ತಲೆ ಉಳಿಯುತ್ತದೆ. ಉಕ್ಕಿನ ಮುಳ್ಳು ಉಕ್ಕಿನ ಮೊಳೆಯ ಮೇಲೆ ಬಿದ್ದರೆ ನಾಟುವುದಿಲ್ಲ, ಜಾರುತ್ತದೆ. ಕಂಬಕ್ಕೆ ಏನನ್ನೂ ಬಡಿಯಬೇಡಿ ಎಂದು ಅಲ್ಲಿನ ವಿದ್ಯುತ್ ಕಂಪನಿಗಳು ಬೇಡಿಕೊಳ್ಳುತ್ತಲೇ ಇರುತ್ತವೆ, ಕೆಲವು ಊರುಗಳಲ್ಲಿ ದಂಡವೂ ಇದೆ. ಆದರೂ ಕಣ್ಣಿನ ಮಟ್ಟದಿಂದ ಕೈಗೆಟಕುವ ಎತ್ತರದವರೆಗೆ ತುಕ್ಕು ಹಿಡಿದ ಮೊಳೆ, ಪಿನ್ನುಗಳಿಲ್ಲದ ಕಂಬ ಅಪರೂಪ. ಲೈನ್‌ಮನ್ ಇಕ್ಕಳ ತೆಗೆದು ತನ್ನ ದಾರಿಯಲ್ಲಿರುವಷ್ಟನ್ನು ಒಂದೊಂದಾಗಿ ಕೀಳುತ್ತಾನೆ, ಆಮೇಲೆ ಕಾಲೆತ್ತುತ್ತಾನೆ.